ಪ್ಯಾರಾಚೂಟಿನ ಪಾಠದಲ್ಲಿ ನಾನು ಆಡಿದ ತಮಿಳು

ನಮ್ಮ ಕೆಳಗಿನ ಮನೆಯ ಚಿಕ್ಕ ಹುಡುಗಿ ಛತ್ರಿ ಹಿಡಿದುಕೊಂಡು ಟೆರೇಸಿನ ನೀರಿನ ಟ್ಯಾಂಕಿನ ಕಟ್ಟೆಯಿಂದ ಹಾರಿ ಕಾಲು ಮುರಿದುಕೊಂಡಳು. ಹಾಗೆ ಮಾಡಬಹುದು ಎಂಬ ನಂಬಿಕೆ ಅವಳಿಗೆ ಹುಟ್ಟಿದ್ದು ನನ್ನ ಮಾತಿನಿಂದ. ಕಟ್ಟಡದವರೆಲ್ಲ ಆ ತಪ್ಪನ್ನು ನನ್ನ ಮೊಮ್ಮಗಳ ಮೇಲೆ ಹಾಕಿದರು. ಹಾಕಲಿ ಎಂದು ಸುಮ್ಮನಿದ್ದವನೂ ನಾನೇ. ಅದೆಲ್ಲ ಹೇಗಾಯಿತು ಎಂಬುದನ್ನು ನನ್ನ ಕೈಯಲ್ಲೇ ಬರೆದಿಡಬೇಕು ಅನ್ನಿಸಿದೆ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ತುಮಕೂರಿನ ಕಡೆಯಿಂದ ಮದರಾಸಿಗೆ ಬಂದವನು. ಆಗ ಕನ್ನಡದ ಪಿಕ್ಚರುಗಳೂ ಇಲ್ಲೇ ವಡಪಳನಿಯ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ನಮ್ಮೂರಿನವರೊಬ್ಬರು ಕಾಸ್ಟ್ಯೂಮ್ ವಿಭಾಗದಲ್ಲಿದ್ದರು. ಅವರ ಕೈಕೆಳಗೆ ಗುಂಡಿ ಹೊಲಿಯುವುದಕ್ಕೆ, ಇಸ್ತ್ರಿ ಮಾಡುವುದಕ್ಕೆ ಸೇರಿಕೊಂಡೆ. ಕನ್ನಡದ ಪಿಕ್ಚರುಗಳು ಬೆಂಗಳೂರಿಗೆ ಹೋದವು, ನಾನು ಹೋಗಲಿಲ್ಲ. ಈಗ ಅದೇ ವಡಪಳನಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಅವಳಿಗೆ ಬ್ಯಾಂಕಿನಲ್ಲಿ ಕೆಲಸ, ಅಳಿಯ ತಾಂಬರಂ ಆಚೆಯ ಕಾರ್ಖಾನೆಗೆ ಹೋಗಿ ಬರುತ್ತಾನೆ. ಐದನೆಯ ಕ್ಲಾಸಿನ ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ಅವಳ ಜೊತೆಗಿರುವವನು ನಾನು.

ಊರಿಗೆ ಹೊಸಬನಾಗಿದ್ದಾಗ ನಡೆದ ಒಂದು ಸಂಗತಿ ಹೇಳಬೇಕು. ಒಂದು ಸೆಟ್ಟಿನಲ್ಲಿ ಮರದ ಅಟ್ಟಣೆಯ ಮೇಲೆ ನಿಂತು ಪರದೆ ಕಟ್ಟುತ್ತಿದ್ದೆ. ಅಷ್ಟರಲ್ಲಿ ಯಾರೋ ಏಣಿ ಬೇರೆ ಕಡೆಗೆ ಒಯ್ದಿದ್ದರು. ಕೆಳಗಿದ್ದ ಮೇಸ್ತ್ರಿ ಮೇಲೆ ನೋಡಿ, "ಕುದಿಡಾ, ಕುದಿ" ಎಂದ. ತಮಿಳಿನಲ್ಲಿ ಕುದಿ ಎಂದರೆ ನೆಗೆ ಎಂದರ್ಥ. ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಕುದಿಯುವುದು ಅನ್ನ, ಇಲ್ಲವೇ ಸಾರು. "ಏನು ಕುದೀಬೇಕು ಸಾರ್?" ಎಂದು ಕೇಳಿದೆ. ಕನ್ನಡ ಬಲ್ಲ ಲೈಟ್‌ಬಾಯ್ ಒಬ್ಬ ಅದನ್ನು ಬಿಡಿಸಿ ಹೇಳಿದ. ಇಡೀ ಯೂನಿಟ್ಟು ನಕ್ಕಿತು. ಆಮೇಲೆ ಎಷ್ಟೋ ದಿನ ಊಟದ ಸಾಲಿನಲ್ಲಿ ನನ್ನನ್ನು ಕಂಡರೆ, "ಏನಪ್ಪಾ, ಕುದಿಯಿತಾ?" ಎಂದು ಕೇಳುತ್ತಿದ್ದರು.

ಆ ಮಾತನ್ನು ಅಂದಿನಿಂದ ನಾಲಿಗೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕನ್ನಡದಲ್ಲಿ ಹಕ್ಕಿ ಆಕಾಶಕ್ಕೆ ಹಾರುತ್ತದೆ, ಹುಡುಗರು ಗೋಡೆ ಹಾರುತ್ತಾರೆ. ಎರಡಕ್ಕೂ ಒಂದೇ ಮಾತು. ತಮಿಳಿನಲ್ಲಿ ಹಾಗಲ್ಲ. ಹಕ್ಕಿಯದು ಪರಕ್ಕಿರದು, ಗೋಡೆಯದು ಕುದಿಕ್ಕಿರದು. ನಾನು ಎರಡಕ್ಕೂ ಪರಕ್ಕಿರದು ಎಂದೇ ಹೇಳಿಕೊಂಡು ಇಷ್ಟು ವರ್ಷ ತಳ್ಳಿದೆ. ಯಾರೂ ತಿದ್ದಲಿಲ್ಲ. ತಿದ್ದದೆ ಇದ್ದುದರಿಂದ ನನ್ನ ತಮಿಳು ಚೊಕ್ಕವಾಗಿದೆ ಎಂದು ತಿಳಿದುಕೊಂಡೆ. ನನ್ನ ಬಗ್ಗೆ ನನಗೆ ಹೆಮ್ಮೆಯಿದ್ದ ಸಂಗತಿಗಳು ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಮೊಮ್ಮಗಳ ಶಾಲೆಯಲ್ಲಿ ಪ್ಯಾರಾಚೂಟು ಮಾಡಿ ತರಲು ಹೇಳಿದ್ದರು. ಭೂಮಿಯ ಸೆಳೆತ ಏನು, ಗಾಳಿಯ ತಡೆ ಏನು ಎಂದು ತರಗತಿಯ ಮುಂದೆ ನಿಂತು ವಿವರಿಸಬೇಕಿತ್ತು. ಮಗಳು, "ಅಪ್ಪಾ, ಬಟ್ಟೆ ಕೆಲಸ ನಿಮ್ದೇ ಅಲ್ವಾ, ನೀವೇ ನೋಡಿ" ಎಂದಳು. ನಾನು ಹಿಗ್ಗಿದೆ. ಟ್ರಂಕಿನಿಂದ ಹಳೆಯ ಲೈನಿಂಗ್ ಬಟ್ಟೆ, ಕೋಟಿನ ಗುಂಡಿಗಳ ಡಬ್ಬಿ, ನೂಲು ತೆಗೆದುಕೊಂಡು ಸಂಜೆ ಟೆರೇಸಿಗೆ ಹೋದೆವು. ಕೆಳಗಿನ ಮನೆಯ ಚಿಕ್ಕವಳು ಹಿಂದೆಯೇ ಬಂದಳು. ಆರು ವರ್ಷದವಳು, ಮುಂದಿನ ಹಲ್ಲು ಬಿದ್ದಿದ್ದವು. ಮೊಮ್ಮಗಳನ್ನು ಅಕ್ಕಾ ಎನ್ನುತ್ತ ನೆರಳಿನ ಹಾಗೆ ಅಂಟಿಕೊಂಡಿರುವ ಮಗು. ಅವಳಿಗೆ ಕನ್ನಡ ಬಾರದು. ಹಾಗಾಗಿ ಪಾಠವೆಲ್ಲ ತಮಿಳಿನಲ್ಲಿ ನಡೆಯಿತು.

ಒಂದೇ ಅಳತೆಯ ಎರಡು ಕಾಗದ ತೆಗೆದುಕೊಂಡೆ. ಒಂದನ್ನು ಉಂಡೆ ಮಾಡಿ, ಇನ್ನೊಂದನ್ನು ಹಾಗೇ ಬಿಡಿಸಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟೆ. ಉಂಡೆ ಪಟಕ್ಕನೆ ಬಿತ್ತು. ಬಿಡಿಸಿದ ಕಾಗದ ಆಚೆ ಈಚೆ ತೂಗಾಡುತ್ತ ಇಳಿಯಿತು.

"ಭಾರ ಎರಡಕ್ಕೂ ಒಂದೇ. ಭೂಮಿ ಎರಡನ್ನೂ ಒಂದೇ ಸಮ ಎಳೀತದೆ. ಅಗಲವಾಗಿರೋದಕ್ಕೆ ಗಾಳಿ ಹೆಚ್ಚು ಅಡ್ಡ ನಿಲ್ತದೆ, ಅಷ್ಟೇ."

ಚಿಕ್ಕವಳು ಕಾಗದವನ್ನೇ ನೋಡುತ್ತ ಕೇಳಿದಳು, "ಕಡೆಗೆ ಯಾರು ಗೆಲ್ತಾರೆ ತಾತಾ? ಭೂಮಿಯಾ, ಗಾಳಿಯಾ?"

"ಭೂಮಿನೇ. ಗಾಳಿ ತಡ ಮಾಡಿಸ್ತದೆ. ಗೆಲ್ಲೋದಿಲ್ಲ."

ಇದನ್ನು ಸರಿಯಾಗಿಯೇ ಹೇಳಿದ್ದೆ. ಆಮೇಲೆ ಬಟ್ಟೆಯನ್ನು ಎಂಟು ಮೂಲೆಯಾಗಿ ಕತ್ತರಿಸಿ, ಮೂಲೆಗೊಂದು ನೂಲು ಕಟ್ಟಿ, ತುದಿಗಳನ್ನು ಸೇರಿಸಿ ಗುಂಡಿ ಪೋಣಿಸಿದೆವು. ಟ್ಯಾಂಕಿನ ಕಟ್ಟೆ ಆಳುದ್ದಕ್ಕಿಂತ ಎತ್ತರ. ಅದಕ್ಕೊಂದು ಕಬ್ಬಿಣದ ಏಣಿಯಿದೆ. ಮಕ್ಕಳನ್ನು ನಾನೇ ಹತ್ತಿಸಿ ಅಲ್ಲಿಂದ ಬಿಡಿಸಿದೆ. ಮೊದಲನೆಯದು ಕುಡಿದವರ ಹಾಗೆ ವಾಲಾಡಿ ಬಿತ್ತು. ನಡುವೆ ಒಂದು ಚಿಕ್ಕ ತೂತು ಮಾಡಿದೆ. ಒಳಗೆ ತುಂಬಿದ ಗಾಳಿ ಅಂಚಿನಿಂದ ನುಗ್ಗದೆ ಅದರಿಂದ ಮೇಲಕ್ಕೆ ಹೋಗಲಿ ಎಂದು. ಈಗ ನೆಟ್ಟಗೆ ಇಳಿಯಿತು. ಅದಕ್ಕಿಂತ ದೊಡ್ಡ ಬಟ್ಟೆ ಕತ್ತರಿಸಿದೆವು, ಅದು ಇನ್ನೂ ನಿಧಾನವಾಗಿ ಇಳಿಯಿತು. ಮಕ್ಕಳು ಕೆಳಗೆ ಓಡಿ ಹಿಡಿದು, ಮತ್ತೆ ಹತ್ತಿ, ಮತ್ತೆ ಬಿಟ್ಟರು. ಗುಂಡಿ ಹೆಚ್ಚಿಸಿದರೆ ಏನಾಗುತ್ತದೆ, ಭಾರ ಏರಿದಂತೆಲ್ಲ ಬಟ್ಟೆ ಎಷ್ಟು ದೊಡ್ಡದಾಗಬೇಕು ಎಂಬುದನ್ನೂ ತೋರಿಸಬೇಕಾಗಿತ್ತು. ಬೆಳಕು ಇಳಿದಿತ್ತು. ನಾಳೆ ನೋಡೋಣ ಎಂದೆ. ಹೀಗೆ ಬಟ್ಟೆ ದೊಡ್ಡದಾದರೆ ಮೆಲ್ಲಗೆ ಇಳಿಯುತ್ತದೆ ಎಂಬ ಅರ್ಧ ಪಾಠ ಮಕ್ಕಳ ತಲೆಗೆ ಹೋಯಿತು, ಇನ್ನರ್ಧ ನನ್ನಲ್ಲೇ ಉಳಿಯಿತು.

ಇಳಿಯುವ ಮುಂಚೆ ಚಿಕ್ಕವಳು ಕೇಳಿದಳು, "ಮನುಷ್ಯರೂ ಹೀಗೆ ಬರ್ತಾರಾ ತಾತಾ?"

ನನಗೆ ಒಂದು ಶೂಟಿಂಗು ನೆನಪಾಯಿತು. ಸ್ಟಂಟಿನ ಹುಡುಗನೊಬ್ಬ ದೊಡ್ಡ ಕರಿ ಛತ್ರಿ ಹಿಡಿದು ಮಹಡಿಯಿಂದ ಹಾರಿದ್ದ. ಕ್ಯಾಮೆರಾಕ್ಕೆ ಕಾಣದ ಹಾಗೆ ಕೆಳಗೆ ಹಾಸಿಗೆಗಳನ್ನು ಒಟ್ಟಿದ್ದರು. ಕಥೆ ಹೇಳಿದೆ, ಹಾಸಿಗೆಯನ್ನು ಬಿಟ್ಟೆ. ಅದನ್ನು ಹೇಳಿದರೆ ಕಥೆಗೆ ರುಚಿ ಇರುವುದಿಲ್ಲ. ಅವನು ಛತ್ರಿ ಹಿಡಿದು ಹಾರಿದ ಎನ್ನಬೇಕಾದ ಕಡೆ, "ಕೊಡೆ ಪುಡಿಚ್ಚು ಪರಂದಾನ್" ಎಂದೆ. ಛತ್ರಿ ಇದ್ದರೆ ಹಾಗೆ ಹಾರಬಹುದು ಎನ್ನುವುದಕ್ಕೆ, "ಪರಕ್ಕಲಾಂ" ಎಂದೆ.

ಮೊಮ್ಮಗಳು ತಕ್ಷಣ ಹೇಳಿದಳು, "ತಾತಾ, ಪರಂದಾನ್ ಇಲ್ಲ, ಕುದಿಚ್ಚಾನ್. ಅವನೇನು ಪಕ್ಷಿಯಾ?"

"ಸುಮ್ನಿರೇ. ನಿಮ್ಮಮ್ಮ ಹುಟ್ಟೋಕೆ ಮುಂಚಿನಿಂದ ನಾನು ತಮಿಳು ಮಾತಾಡ್ತಾ ಇದೀನಿ."

ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅಕ್ಕನಿಗೆ ಬೈಗುಳ ಬಿತ್ತಲ್ಲ ಎಂದು. ಮೊಮ್ಮಗಳು ನೂಲು ಸುತ್ತತೊಡಗಿದಳು.

ಮರುದಿನ ಸಂಜೆ ಚಿಕ್ಕವಳು ಅಪ್ಪನ ಛತ್ರಿ ತಂದಿದ್ದಳು. ಬಿಸಿಲಿಗೆ ತಂದಿರಬೇಕು ಎಂದುಕೊಂಡೆ. ಭಾರದ ಪಾಠಕ್ಕೆ ಗುಂಡಿಗಳು ಸಾಲದೆ ಬಂದವು. ಮೊಮ್ಮಗಳಿಗೆ, "ಇವಳನ್ನ ನೋಡ್ಕೊ" ಎಂದು ಹೇಳಿ ತರಲು ಕೆಳಗೆ ಹೋದೆ. ಟ್ರಂಕು ತೆರೆದೆ. ಗುಂಡಿ ಹುಡುಕುವಾಗ ಹಳೆಯ ಜರಿ ಸಿಕ್ಕಿತು, ಅದನ್ನು ಬಿಡಿಸಿ ನೋಡುತ್ತ ಕುಳಿತೆ. ಮೇಲೆ ಏನೋ ಬಿದ್ದ ಸದ್ದಾಯಿತು. ಹಿಂದೆಯೇ ಮೊಮ್ಮಗಳು, "ತಾತಾ, ತಾತಾ" ಎಂದು ಕರೆದಳು.

ಛತ್ರಿ ಒಳಹೊರಗಾಗಿ ಬಿದ್ದಿತ್ತು. ಮಗುವಿನ ಎಡಗಾಲು ಮೊಣಕಾಲಿನ ಕೆಳಗೆ ತಿರುಗಿಕೊಂಡಿತ್ತು. ಮೊಮ್ಮಗಳು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಕೆಳಗೆ ಬಿದ್ದ ಪ್ಯಾರಾಚೂಟು ಎತ್ತಿಕೊಳ್ಳಲು ತಾನು ಅತ್ತ ತಿರುಗಿದಾಗ ಇವಳು ಏಣಿ ಹತ್ತಿದ್ದಳು ಎಂದು ಹೇಳಿದಳು. ಮಗು ಅಳುತ್ತ ಒಂದೇ ಮಾತನ್ನು ಹೇಳುತ್ತಿತ್ತು, "ಪರಕ್ಕಲಾಂನು ಸೊನ್ನಾಂಗ." ಹಾರಬಹುದು ಎಂದು ಹೇಳಿದರು ಎಂದು. ಸೊನ್ನಾಂಗ ಎಂಬುದರಲ್ಲಿ ಯಾರು ಹೇಳಿದರು ಎಂಬುದಿಲ್ಲ. ಒಬ್ಬ ಹಿರಿಯರಾದರೂ ಆಗಬಹುದು, ನಾಲ್ಕು ಮಕ್ಕಳಾದರೂ ಆಗಬಹುದು.

ಆಸ್ಪತ್ರೆಯಿಂದ ಬರುವಾಗ ಕತ್ತಲಾಗಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿದ್ದರು, ಮಗು ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿತ್ತು. ಮೆಟ್ಟಿಲ ಬಳಿ ಕಟ್ಟಡದವರೆಲ್ಲ ನಿಂತಿದ್ದರು. ಅವಳ ತಾಯಿ ನಮ್ಮನ್ನು ನೋಡಿ ಕೇಳಿದಳು, "ಯಾರು ಹೇಳಿದ್ದು ಅವಳಿಗೆ, ಹಾರಬಹುದು ಅಂತ?"

ಮೊಮ್ಮಗಳು ನನ್ನನ್ನು ನೋಡಿದಳು. ಮಗಳೂ ನೋಡಿದಳು. ನನಗೆ ಆ ಹಳೆಯ ಸೆಟ್ಟಿನ ನಗು ಕೇಳಿಸಿದ ಹಾಗಾಯಿತು. ಇಷ್ಟು ವಯಸ್ಸಾದವನು, ಇಷ್ಟು ವರ್ಷ ಇಲ್ಲಿದ್ದವನು ಒಂದು ಮಾತು ತಪ್ಪಿದೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು?

"ನಾನು ಹಾಗೆ ಯಾಕೆ ಹೇಳ್ಲಿಮ್ಮಾ. ಸಿನಿಮಾ ಕಥೆ ಹೇಳಿದೆ ಅಷ್ಟೆ. ಮಕ್ಕಳು ಮಕ್ಕಳೇ ಆಟದಲ್ಲಿ ಏನೇನು ಮಾತಾಡಿಕೊಂಡರೋ. ನಾನು ಆಗ ಅಲ್ಲಿರಲೂ ಇಲ್ಲ."

ಅಷ್ಟು ಸಾಕಾಯಿತು. ಎಲ್ಲರ ಕಣ್ಣೂ ಮೊಮ್ಮಗಳ ಕಡೆಗೆ ಹೋದವು. ಚಿಕ್ಕವಳ ತಾಯಿ ಅವಳ ಮೇಲೆ ಹರಿಹಾಯ್ದಳು. "ಅಕ್ಕಾ ಅಕ್ಕಾ ಅಂತ ನಿನ್ನ ಹಿಂದೆ ಸುತ್ತಿದ್ದಕ್ಕೆ ಇದಾ ನೀನು ಮಾಡೋದು?" ನನ್ನ ಮಗಳು ಅವಳ ರಟ್ಟೆ ಹಿಡಿದು, "ಸಾರಿ ಹೇಳು" ಎಂದಳು. "ಸಾರಿ ಆಂಟಿ" ಎಂದಳು ಮೊಮ್ಮಗಳು. ನಾನು ಮೆಟ್ಟಿಲ ಕಂಬಿ ಹಿಡಿದು ಅದನ್ನು ಕೇಳಿಸಿಕೊಂಡೆ.

ಎರಡು ದಿನದಲ್ಲಿ ಮರೆತು ಹೋಗುತ್ತದೆ ಎಂದುಕೊಂಡಿದ್ದೆ. ಮಾತು ಬೆಳೆಯಿತು. ಹಾರು ಎಂದಳಂತೆ ಎಂಬುದು ಹಾರಿಸಿದಳಂತೆ ಎಂದಾಯಿತು, ಕೊನೆಗೆ ತಳ್ಳಿದಳಂತೆ ಎಂಬಲ್ಲಿಗೆ ಬಂದು ನಿಂತಿತು. ಶಾಲೆಯ ವ್ಯಾನಿನಲ್ಲಿ ಅವಳ ಪಕ್ಕದ ಸೀಟು ಖಾಲಿ ಇರತೊಡಗಿತು. ಮೂರನೆಯ ಮಹಡಿಯವರು ತಮ್ಮ ಮಗನನ್ನು, "ಆ ಹುಡುಗಿ ಜೊತೆ ಮೇಲೆ ಹೋಗಬೇಡ" ಎಂದು ನಮ್ಮ ಬಾಗಿಲ ಮುಂದೆಯೇ ಎಚ್ಚರಿಸಿದರು. ಮೊಮ್ಮಗಳು ಪ್ಯಾರಾಚೂಟನ್ನು ಶಾಲೆಗೆ ಒಯ್ಯಲಿಲ್ಲ. ಸಂಜೆ ಬಂದರೆ ಕೋಣೆ ಸೇರುತ್ತಾಳೆ, ಏನು ಕೇಳಿದರೂ "ನಥಿಂಗ್" ಎನ್ನುತ್ತಾಳೆ.

ಒಂದು ಸಂಜೆ ತಡೆಯಲಾಗದೆ ಕೇಳಿದೆ. "ಆವತ್ತು ನೀನ್ಯಾಕೆ ಬಾಯಿ ಬಿಡಲಿಲ್ಲ? ತಾತ ಹೇಳಿದ್ದು ಅಂತ ಹೇಳಬಹುದಿತ್ತಲ್ಲ."

ಅವಳು ಪುಸ್ತಕದಿಂದ ಕಣ್ಣೆತ್ತದೆ ತಮಿಳು, ಇಂಗ್ಲಿಷು, ಕನ್ನಡ ಎಲ್ಲ ಬೆರೆಸಿ ಹೇಳಿದಳು. "ಹೇಳಿದ್ರೆ ಎಲ್ಲಾರೂ ಸಿರಿಪ್ಪಾಂಗ ತಾತಾ."

"ಯಾಕೆ ನಗ್ತಾರೆ?"

"ಡೈಲೀ ನಗ್ತಾರೆ. ನೀವು ಕೆಳಗೆ ಹೋದ್ಮೇಲೆ ನಿಮ್ಮ ಥರ ಮಾತಾಡಿ ತೋರಿಸ್ತಾರೆ. ವಾಚ್‌ಮನ್ ಅಂಕಲ್ ಕೂಡ. ಬೆಕ್ಕು ಕಾಂಪೌಂಡ್ ಮೇಲಿಂದ ಪರಂದುಡುಚ್ಚು ಅಂದ್ರಲ್ಲ ಒಂದ್ಸಲ, ಅದನ್ನ ಈಗ್ಲೂ ಹೇಳ್ತಾರೆ. ನಂಗೆ ಇಷ್ಟ ಇಲ್ಲ."

ಅಂದರೆ ನನ್ನ ತಮಿಳು ಚೊಕ್ಕವಾಗಿದ್ದರಿಂದ ಜನ ತಿದ್ದದೆ ಇದ್ದುದಲ್ಲ. ತಿದ್ದಿದರೆ ನಗುವುದಕ್ಕೆ ಏನೂ ಉಳಿಯುವುದಿಲ್ಲ. ಇದು ಆ ಹತ್ತು ವರ್ಷದ ಹುಡುಗಿಗೆ ಗೊತ್ತಿತ್ತು. ಅಂದು ಟೆರೇಸಿನಲ್ಲಿ ಅವಳು ನನ್ನನ್ನು ತಿದ್ದಿದ್ದು ನಾನು ನಗೆಪಾಟಲಾಗಬಾರದೆಂದು. ಮೆಟ್ಟಿಲ ಬಳಿ ಬಾಯಿ ಮುಚ್ಚಿಕೊಂಡಿದ್ದೂ ಅದಕ್ಕೇ. ಅವಳು ನನ್ನ ಮಾನ ಕಾಯುತ್ತಿದ್ದಳು, ನಾನು ಅವಳ ಹಿಂದೆ ಅಡಗಿಕೊಂಡಿದ್ದೆ.

ಮೊದಲು ಮಗಳಿಗೆ ಹೇಳಿದೆ. "ನಾನು ಅವಳ ಕೈಲಿ ಸಾರಿ ಹೇಳಿಸಿದೆ, ನೀವು ನೋಡ್ತಾ ನಿಂತಿದ್ರಿ" ಎಂದಳು. ಮರುದಿನ ಬೆಳಗ್ಗೆ ಕೆಳಗಿನ ಮನೆಗೆ ಹೋದೆ. ಮಗುವಿನ ತಾಯಿ ಬಾಗಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದಳು. ಪರಕ್ಕಲಾಂ ಎಂದು ಹೇಳಿದ್ದು ನಾನು, ಮೊಮ್ಮಗಳು ತಿದ್ದಿದಾಗ ಬಾಯಿ ಮುಚ್ಚಿಸಿದ್ದೂ ನಾನು, ಹಾಸಿಗೆಯ ವಿಷಯ ಮುಚ್ಚಿಟ್ಟಿದ್ದೂ ನಾನು ಎಂದು ನಿಂತುಕೊಂಡೇ ಹೇಳಿದೆ.

ಅವಳ ಕೈ ನಿಂತಿತು. "ಪಾಪು ಮಾರನೇ ದಿನವೇ ಹೇಳಿದಳು ಅಂಕಲ್, ತಾತ ಹೇಳಿದ್ದು ಅಂತ. ಅಕ್ಕನನ್ನ ಬಿಡಿಸೋಕೆ ದೊಡ್ಡವರ ಮೇಲೆ ಸುಳ್ಳು ಹೇಳ್ತೀಯಾ ಅಂತ ಅವಳಿಗೇ ಒಂದು ಕೊಟ್ಟೆ."

ಕೈ ಮುಗಿದು ಹೊರಟವನನ್ನು ಅವಳು ತಡೆದಳು.

"ನಾನು ಆ ಹುಡುಗಿಯನ್ನ ಬೈದದ್ದು ಮೆಟ್ಟಿಲಲ್ಲಿ, ಎಲ್ಲರ ಮುಂದೆ. ನೀವು ನನ್ನ ಬಾಗಿಲಲ್ಲಿ ಬಂದು ಹೇಳಿದರೆ ಅವರಿಗೆಲ್ಲ ಕೇಳುತ್ತದಾ? ಭಾನುವಾರ ಮೀಟಿಂಗ್ ಇದೆ, ಅಲ್ಲಿ ಹೇಳಿ. ನಾನೂ ಅಲ್ಲೇ ನನ್ನ ಪಾಲಿಂದು ಹೇಳ್ತೀನಿ."

ಭಾನುವಾರ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕಟ್ಟಡದವರು ಸೇರಿದರು. ನೀರಿನ ಮಾತು, ಲಿಫ್ಟಿನ ಮಾತು ಮುಗಿದ ಮೇಲೆ ಎದ್ದು ನಿಂತೆ. ನೆಗೆಯುವುದಕ್ಕೂ ಹಾರುವುದಕ್ಕೂ ನನ್ನ ಭಾಷೆಯಲ್ಲಿ ಒಂದೇ ಮಾತು ಎಂಬುದನ್ನು, ನಾನು ಏನು ಹೇಳಿದೆ ಎಂಬುದನ್ನು, ಆಮೇಲೆ ಹೇಗೆ ನುಣುಚಿಕೊಂಡೆ ಎಂಬುದನ್ನು ತಮಿಳಿನಲ್ಲೇ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು. ನಗಲಿ ಎಂದುಕೊಂಡೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು.

ಮೂರನೆಯ ಮಹಡಿಯವರು ಕೈ ಮುಗಿದು, "ವಿಡುಂಗ ತಾತಾ" ಎಂದರು. ಬಿಟ್ಟುಬಿಡಿ ಎಂದು. "ಮೊಮ್ಮಗಳಿಗೋಸ್ಕರ ತಪ್ಪನ್ನ ಮೈಮೇಲೆ ಹಾಕ್ಕೊಳ್ತಾ ಇದೀರಿ, ನಮಗೆ ಗೊತ್ತಾಗಲ್ವಾ? ದೊಡ್ಡ ಮನಸ್ಸು ನಿಮ್ಮದು. ಆ ಹುಡುಗೀನ ಸ್ವಲ್ಪ ಅಂಕೆಯಲ್ಲಿಡಿ, ಸಾಕು."

ಹೌದು ಹೌದು ಎಂದು ಇನ್ನಿಬ್ಬರು ತಲೆದೂಗಿದರು. ನಾನು ಸುಳ್ಳು ಹೇಳಿದಾಗ ನಂಬಿದ ಜನ ನಿಜ ಹೇಳಿದಾಗ ನಂಬದೆ ಹೊಗಳುತ್ತಿದ್ದರು. ಸ್ವಲ್ಪ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನಾನು ಒಳ್ಳೆಯವನೂ ಆಗುತ್ತಿದ್ದೆ. ಹಾಗೆ ಮುಗಿಸಿಬಿಡಬೇಕು ಎಂದು ಒಂದು ಗಳಿಗೆ ಆಸೆಯಾಯಿತು. ಅದನ್ನೂ ಇಲ್ಲಿ ಬರೆಯಬೇಕು.

"ನನ್ನನ್ನ ನಂಬಬೇಡಿ," ಎಂದೆ. "ಬಿದ್ದವಳನ್ನ ಕೇಳಿ."

ತಾಯಿ ಮಗುವನ್ನು ಎತ್ತಿಕೊಂಡೇ ಬಂದಿದ್ದಳು. ಪ್ಲಾಸ್ಟರಿನ ಕಾಲು ಸೀರೆಯ ಮೇಲೆ ಅಡ್ಡ ಚಾಚಿಕೊಂಡಿತ್ತು. "ಹೇಳು ಚಿನ್ನಾ, ಯಾರೂ ಹೊಡೆಯಲ್ಲ," ಎಂದಳು.

ಮಗು ನನ್ನನ್ನು ನೋಡಿ, ತಾಯಿಯ ಕಿವಿಯ ಹತ್ತಿರ ಮುಖ ಇಟ್ಟು, ಆದರೂ ಎಲ್ಲರಿಗೂ ಕೇಳುವ ಹಾಗೆ ಹೇಳಿತು. "ತಾತಾದಾನ್ ಸೊನ್ನಾರು. ಅಕ್ಕಾ ಇಲ್ಲನ್ನು ಸೊನ್ನಾ." ತಾತನೇ ಹೇಳಿದ್ದು, ಅಕ್ಕ ಇಲ್ಲ ಎಂದಳು. ಆಮೇಲೆ ಸ್ವಲ್ಪ ತಡೆದು, "ತಾತ ಅಕ್ಕನ್ನ ಬೈದರು, ನಾನು ನಕ್ಕೆ," ಎಂದು ಸೇರಿಸಿತು, ಅದೂ ತನ್ನ ಅಪರಾಧ ಎಂಬಂತೆ.

ಹಿಂದಿನ ಸಾಲಿನ ಕೆಮ್ಮು ನಿಂತಿತು. ಅವಳ ತಾಯಿ, "ಆ ಹುಡುಗಿಯನ್ನ ಬೈದದ್ದು ನನ್ನ ತಪ್ಪು" ಎಂದು ಎಲ್ಲರೆದುರು ಹೇಳಿದಳು. ಮಗುವನ್ನು ಗಂಡನ ಕೈಗೆ ಕೊಟ್ಟು ನೇರ ನಮ್ಮ ಮನೆಗೆ ಹತ್ತಿ ಹೋದಳು. ಮೊಮ್ಮಗಳ ಜೊತೆ ಏನು ಮಾತಾಡಿದಳೋ ನನಗೆ ಗೊತ್ತಿಲ್ಲ. ಬಾಗಿಲು ಹಾಕಿತ್ತು. ಇಳಿದು ಬರುವಾಗ ಮೆಟ್ಟಿಲಲ್ಲಿ ನನಗೆ ಎದುರಾದಳು.

"ಪಾಪು ನಾಳೆಯಿಂದ ಮೇಲೆ ಬರುತ್ತಾಳೆ ಅಂಕಲ್, ಅಕ್ಕನ ಹತ್ತಿರ. ನೀವು ಇರುವಾಗ ಬೇಡ. ತಪ್ಪು ತಿಳೀಬೇಡಿ. ನನಗೆ ಭಯ."

"ಸರಿಮ್ಮಾ," ಎಂದೆ.

ವ್ಯಾನಿನಲ್ಲಿ ಮೊಮ್ಮಗಳ ಪಕ್ಕದ ಸೀಟು ತುಂಬಿದೆ ಎಂದು ಮಗಳು ಹೇಳಿದಳು. ನನ್ನೊಂದಿಗೆ ಮೊಮ್ಮಗಳು ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಮುನಿಸೇನೂ ಇದ್ದಂತಿಲ್ಲ, ಸಲುಗೆಯೂ ಇಲ್ಲ. ಸಂಜೆ ಅವರಿಬ್ಬರೂ ಸೇರುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು, ಕೋವಿಲ್ ಬೀದಿಯ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂರುತ್ತೇನೆ. ಕೆಲವು ದಿನ ಹೊರಡುವುದು ತಡವಾಗುತ್ತದೆ. ಆಗ ಈಗಷ್ಟೇ ಪ್ಲಾಸ್ಟರ್ ಬಿಚ್ಚಿಸಿಕೊಂಡ ಚಿಕ್ಕವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿರುತ್ತಾಳೆ, ಮೊಮ್ಮಗಳು ಅವಳ ಬೆನ್ನಿಗೆ ಕೈ ಕೊಟ್ಟಿರುತ್ತಾಳೆ. ನನ್ನನ್ನು ಕಂಡ ಕೂಡಲೇ ಚಿಕ್ಕವಳು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾಳೆ. ಮೊಮ್ಮಗಳು ನಮ್ಮಿಬ್ಬರ ನಡುವೆ ಬಂದು ನಿಲ್ಲುತ್ತಾಳೆ, ನಾನು ಇಳಿದು ಹೋಗುವ ತನಕ.